ಇಲಿಯ ಹಸಿವು ಮತ್ತು ನಮ್ಮ ಹೊಣೆ

ಭೂಮಿಯ ಮೇಲಿನ ಜೀವಿಗಳನ್ನು ಅಲ್ಲಾಹನು ಮನುಷ್ಯನಿಗೆ ಅಧೀನಗೊಳಿಸಿಕೊಟ್ಟಿದ್ದಾನೆ. ಅವುಗಳ ಮಾಂಸವನ್ನು ತಿನ್ನಲು, ಹಾಲನ್ನು ಕುಡಿಯಲು, ಬೆನ್ನೇರಿ ಪ್ರಯಾಣ ಮಾಡಲು, ಉಣ್ಣೆ ಮತ್ತು ಚರ್ಮವನ್ನು ಬಳಸಲು ನಮಗೆ ಅನುಮತಿಯಿದೆ. ಆದರೆ ಅಧೀನಗೊಳಿಸಿಕೊಡುವುದು ಬೇರೆ, ಒಡೆತನವನ್ನೇ ಬಿಟ್ಟುಕೊಡುವುದು ಬೇರೆ. ಒಡೆಯನು ಅಲ್ಲಾಹನೇ. ನಮ್ಮ ಕೈಯಲ್ಲಿರುವುದು ಅಮಾನತ್ ಮಾತ್ರ. ಅಮಾನತ್ ಎಂದ ಮೇಲೆ ಅದಕ್ಕೆ ಲೆಕ್ಕ ಕೊಡಬೇಕಾದ ದಿನವೂ ಇದೆ.

ಹಾಗಿದ್ದರೆ ಒಂದು ಪ್ರಾಣಿಯ ವಂಶವಾಹಿಯನ್ನೇ ತಿದ್ದಿ, ಅದು ಹುಟ್ಟುವಾಗಲೇ ರೋಗಿಯಾಗಿರುವಂತೆ ಮಾಡಿ, ಆ ರೋಗದ ಮೂಲಕ ನಮ್ಮ ರೋಗವನ್ನು ಅರಿಯಲು ಯತ್ನಿಸುವುದು ಈ ಅಮಾನತ್‌ಗೆ ಒಪ್ಪುತ್ತದೆಯೇ? ಬೊಜ್ಜಿನ ಆನುವಂಶಿಕ ಕಾರಣಗಳ ಸಂಶೋಧನೆ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

ಇಲಿಗಳು ತಿಳಿಸಿಕೊಟ್ಟದ್ದು

1949ರಲ್ಲಿ ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಚಿತ್ರವಾದ ಇಲಿಗಳು ಕಂಡುಬಂದವು. ಅವು ಎಷ್ಟು ತಿಂದರೂ ತೃಪ್ತಿಪಡುತ್ತಿರಲಿಲ್ಲ. ಸಾಮಾನ್ಯ ಇಲಿಯ ಮೂರು ಪಟ್ಟು ತೂಕಕ್ಕೆ ಬೆಳೆಯುತ್ತಿದ್ದವು. ಇವನ್ನು ಯಾರೂ ತಿದ್ದಿ ತಯಾರಿಸಿರಲಿಲ್ಲ. ವಂಶವಾಹಿಯಲ್ಲಿ ತಾನಾಗಿ ಆದ ಒಂದು ದೋಷವೇ ಇದಕ್ಕೆ ಕಾರಣವಾಗಿತ್ತು. ಆದರೆ ಅಂದಿನಿಂದ ಈ ತಳಿಯನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿ ಬೆಳೆಸಲಾಯಿತು.

ಅದೇ ಪ್ರಯೋಗಾಲಯದ ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಬೊಜ್ಜಿನ ಇಲಿಯನ್ನೂ ಸಾಮಾನ್ಯ ಇಲಿಯನ್ನೂ ದೇಹಕ್ಕೆ ದೇಹ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಆಗ ಬೊಜ್ಜಿನ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಸಾಮಾನ್ಯ ಇಲಿಯ ರಕ್ತದಲ್ಲಿ 'ಇನ್ನು ಸಾಕು' ಎಂದು ಹೇಳುವ ಏನೋ ಒಂದು ವಸ್ತುವಿದೆ, ಬೊಜ್ಜಿನ ಇಲಿಯಲ್ಲಿ ಅದಿಲ್ಲ ಎಂದು ಅವರು ತರ್ಕಿಸಿದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ವಂಶವಾಹಿಯನ್ನು ಪತ್ತೆ ಹಚ್ಚಿದರು. ಅದು ಕೊಬ್ಬಿನ ಕಣಗಳಲ್ಲಿ ಉತ್ಪನ್ನವಾಗಿ ಮೆದುಳಿಗೆ ಸಂದೇಶ ಒಯ್ಯುವ ಹಾರ್ಮೋನನ್ನು ನಿರ್ಮಿಸುತ್ತದೆ. ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಡಲಾಯಿತು.

ಮುಂದಿನ ಹೆಜ್ಜೆಯಲ್ಲಿ ಪ್ರಕೃತಿಗಾಗಿ ಕಾಯಲಿಲ್ಲ. ಬೇಕಾದ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿ ಇಲಿಗಳನ್ನು ಪಡೆಯುವ ವಿಧಾನ ಆಗಲೇ ಸಿದ್ಧಿಸಿತ್ತು. 1997ರಲ್ಲಿ, ಮೆದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಎಂಸಿ4ಆರ್ ಎಂಬ ವಂಶವಾಹಿಯನ್ನು ಇಲಿಗಳಲ್ಲಿ ನಿಲ್ಲಿಸಿದಾಗ ಅವು ಬೊಜ್ಜಿನಿಂದ ಬಳಲಿದವು. ಮರುವರ್ಷವೇ, ಅದೇ ವಂಶವಾಹಿಯ ದೋಷವಿರುವ ಮನುಷ್ಯರು ಪತ್ತೆಯಾದರು.

ಪ್ರಯೋಜನ ಯಾರಿಗಾಯಿತು?

1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಇಬ್ಬರು ಮಕ್ಕಳ ಕುರಿತು ವರದಿ ಮಾಡಿದರು. ಅವರು ಪಾಕಿಸ್ತಾನಿ ಮೂಲದ, ರಕ್ತಸಂಬಂಧದಲ್ಲೇ ವಿವಾಹವಾಗುವ ಒಂದು ಕುಟುಂಬದವರು. ಎಂಟು ವರ್ಷದ ಬಾಲಕಿಯ ತೂಕ 86 ಕಿಲೊ. ಆಕೆಯ ಸಂಬಂಧಿಯಾದ ಎರಡು ವರ್ಷದ ಬಾಲಕನದು 29 ಕಿಲೊ. ಇಬ್ಬರಲ್ಲೂ ಲೆಪ್ಟಿನ್ ಇರಲಿಲ್ಲ. ಆ ಮಕ್ಕಳ ಹಸಿವು ದುರಾಸೆಯಾಗಿರಲಿಲ್ಲ. ಉಂಡ ಸುದ್ದಿ ಅವರ ಮೆದುಳಿಗೆ ತಲುಪುತ್ತಲೇ ಇರಲಿಲ್ಲ. 1999ರಲ್ಲಿ ಪ್ರಕಟವಾದಂತೆ, ಲೆಪ್ಟಿನ್ ಚುಚ್ಚುಮದ್ದು ಪಡೆದ ಒಂಬತ್ತು ವರ್ಷದ ಬಾಲಕಿ ಒಂದು ವರ್ಷದಲ್ಲಿ 16 ಕಿಲೊಗಿಂತ ಹೆಚ್ಚು ತೂಕ ಕಳೆದುಕೊಂಡಳು. ಎಲ್ಲ ಮಕ್ಕಳಂತೆ ಉಂಡು ಏಳುವ ಭಾಗ್ಯ ಆಕೆಗೆ ಲಭಿಸಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಸಾಮಾನ್ಯವಾಗಿ ಕಾಣುವ ಬೊಜ್ಜಿನಲ್ಲಿ ಲೆಪ್ಟಿನ್ ಕಡಿಮೆಯಿರುವುದಿಲ್ಲ, ಹೆಚ್ಚೇ ಇರುತ್ತದೆ. ಮೆದುಳು ಅದರ ಮಾತನ್ನು ಕೇಳುವುದಿಲ್ಲ. ಇಂತಹವರಿಗೆ ಲೆಪ್ಟಿನ್ ಕೊಟ್ಟಾಗ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಅಂದರೆ ಇಲಿಯ ಬಲಿಯಿಂದ ನೇರವಾಗಿ ಬದುಕು ಪಡೆದವರು ಕೆಲವೇ ಮಂದಿ.

ಸೃಷ್ಟಿಯನ್ನು ಬದಲಾಯಿಸುವುದೇ?

ಅಲ್ಲಾಹನ ಸೃಷ್ಟಿಯನ್ನು ಮಾರ್ಪಡಿಸುವಂತೆ ಮನುಷ್ಯರನ್ನು ಪ್ರಚೋದಿಸುವುದಾಗಿ ಶೈತಾನನು ಹೇಳಿದ ಮಾತು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿದೆ. ಇದನ್ನು ಮುಂದಿಟ್ಟು ವಂಶವಾಹಿಯ ಎಲ್ಲ ಕೆಲಸವೂ ನಿಷಿದ್ಧವೆನ್ನುವವರಿದ್ದಾರೆ. ಆದರೆ ಅದೇ ಸೂಕ್ತದಲ್ಲಿ ಜಾನುವಾರುಗಳ ಕಿವಿ ಸೀಳುವುದರ ಪ್ರಸ್ತಾಪವಿದೆ. ಅದು ಮಿಥ್ಯ ದೇವರುಗಳ ಹೆಸರಿನಲ್ಲಿ ನಡೆಯುತ್ತಿದ್ದ ಮೂಢಾಚಾರ. ಕುದುರೆ ಮತ್ತು ಕತ್ತೆಯ ಮಿಲನದಿಂದ ಹುಟ್ಟುವ ಹೇಸರಗತ್ತೆಯನ್ನು ಕುರ್‌ಆನ್ ಅನುಗ್ರಹಗಳ ಸಾಲಿನಲ್ಲಿ ಹೆಸರಿಸಿದೆ. ಪ್ರವಾದಿವರ್ಯರು(ಸ) ಹೇಸರಗತ್ತೆಯ ಮೇಲೆ ಸವಾರಿ ಮಾಡಿದ್ದಾರೆ. ಆದ್ದರಿಂದ ಬದಲಾವಣೆ ಎಂಬ ಒಂದೇ ಶಬ್ದದಿಂದ ತೀರ್ಪು ಕೊಡಲು ಬರುವುದಿಲ್ಲ. 1998ರಲ್ಲಿ ಮಕ್ಕಾದಲ್ಲಿ ಸೇರಿದ್ದ ಫಿಕ್ಹ್ ಮಂಡಳಿಯ ವಿದ್ವಾಂಸರು, ರೋಗ ತಡೆಯಲು ಅಥವಾ ಗುಣಪಡಿಸಲು ವಂಶವಾಹಿ ವಿಜ್ಞಾನವನ್ನು ಬಳಸಬಹುದು, ಆದರೆ ಅದರಿಂದ ಹೆಚ್ಚಿನ ಹಾನಿಯಾಗಕೂಡದು ಎಂದು ತೀರ್ಮಾನಿಸಿದರು. ಹೀಗೆ ಪ್ರಶ್ನೆಯು ಉದ್ದೇಶ ಮತ್ತು ಹಾನಿಯ ಕಡೆಗೆ ತಿರುಗುತ್ತದೆ.

'ಕೇವಲ ಇಲಿ' ಎನ್ನುವವರಿಗೆ

ಇಲಿಯನ್ನು ಇಹ್ರಾಮ್‌ನ ಸ್ಥಿತಿಯಲ್ಲೂ ಕೊಲ್ಲಬಹುದೆಂದು ಹದೀಸ್‌ನಲ್ಲಿರುವಾಗ, ಅದರ ನೋವಿನ ಬಗ್ಗೆ ಇಷ್ಟೊಂದು ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಕೊಲ್ಲುವ ಅನುಮತಿ ಹಿಂಸಿಸುವ ಅನುಮತಿಯಲ್ಲ. ಕೊಲ್ಲುವುದಾದರೆ ಉತ್ತಮ ರೀತಿಯಲ್ಲಿ ಕೊಲ್ಲಬೇಕು, ದಿಬ್ಹ್ ಮಾಡುವವನು ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ಆರಾಮ ನೀಡಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ನರಕಕ್ಕೆ ಗುರಿಯಾದುದನ್ನೂ, ಬಾಯಾರಿದ ನಾಯಿಗೆ ನೀರುಣಿಸಿದವನಿಗೆ ಕ್ಷಮೆ ದೊರೆತುದನ್ನೂ ನಮ್ಮ ಮಕ್ಕಳೂ ಬಲ್ಲರು. ಆ ಬೆಕ್ಕು ಆಹಾರವಿಲ್ಲದೆ ಹಸಿದಿತ್ತು. ಈ ಇಲಿ ಆಹಾರದ ನಡುವೆಯೇ ಹಸಿದಿದೆ. ಹಸಿವನ್ನು ಅದರ ಒಡಲಲ್ಲಿ ಇಟ್ಟವರು ನಾವೇ ಆದಾಗ ಹೊಣೆ ಕಡಿಮೆಯಾಗುವುದೇ?

ಹಾಗೆಂದು ಪ್ರಾಣಿಗೆ ಯಾವ ನೋವನ್ನೂ ಕೊಡಕೂಡದೆಂದು ಶರೀಅತ್ ಹೇಳುವುದಿಲ್ಲ. ಝಕಾತ್‌ನ ಒಂಟೆಗಳು ಬೇರೆಯವುಗಳೊಂದಿಗೆ ಬೆರೆತು ಹೋಗದಂತೆ ಪ್ರವಾದಿವರ್ಯರೇ(ಸ) ಅವುಗಳಿಗೆ ಮುದ್ರೆ ಹಾಕಿದ್ದರು. ಆದರೆ ಮುಖದ ಮೇಲೆ ಬರೆ ಎಳೆದಿದ್ದ ಕತ್ತೆಯನ್ನು ಕಂಡಾಗ ಹಾಗೆ ಮಾಡಿದವನನ್ನು ಶಪಿಸಿದರು. ಎರಡೂ ಬರೆಯೇ. ಒಂದರಲ್ಲಿ ಬಡವರ ಹಕ್ಕನ್ನು ಕಾಪಾಡುವ ಅಗತ್ಯವಿತ್ತು, ನೋವಿಗೆ ಮಿತಿಯಿತ್ತು. ಇನ್ನೊಂದರಲ್ಲಿ ಆ ಮಿತಿ ಇರಲಿಲ್ಲ. ನಮ್ಮ ಪ್ರಶ್ನೆಗೂ ಇದೇ ಅಳತೆಗೋಲು.

ಈ ಅಳತೆಗೋಲಿನಿಂದ ನೋಡಿದರೆ ಮೂರು ಷರತ್ತುಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅಗತ್ಯ ನೈಜವಾಗಿರಬೇಕು. ಲೆಪ್ಟಿನ್ ಇಲ್ಲದ ಮಗುವಿನ ಸಂಕಟ ಅಗತ್ಯ. ಸೊಂಟ ಸಣ್ಣದಾಗಿ ಕಾಣಬೇಕೆಂಬ ಶೋಕಿ ಅಗತ್ಯವಲ್ಲ. ಎರಡನೆಯದಾಗಿ, ಬೇರೆ ದಾರಿಯಿರಬಾರದು. ಜೀವಕೋಶಗಳಿಂದಲೋ ಮನುಷ್ಯರ ರಕ್ತಪರೀಕ್ಷೆಯಿಂದಲೋ ಉತ್ತರ ಸಿಗುವಾಗ ಪ್ರಾಣಿಯನ್ನು ಬಳಸುವುದು ಅನ್ಯಾಯ. ಮೂರನೆಯದಾಗಿ, ಪ್ರಾಣಿಗಳ ಸಂಖ್ಯೆಯೂ ನೋವೂ ಸಾಧ್ಯವಿರುವಷ್ಟು ಕಡಿಮೆಯಾಗಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು ಇದೇ ಬಗೆಯ ತತ್ವಗಳನ್ನು ಮುಂದಿಟ್ಟರು. ನಮ್ಮ ದೇಶದಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾನೂನಿನ ಪ್ರಕಾರ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯಿದೆ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಸಮಿತಿಯ ಕಣ್ಣು ತಲುಪದಿರಬಹುದು. ಅಲ್ಲಾಹನ ನೋಟ ತಲುಪದ ಬಾಗಿಲು ಎಲ್ಲಿದೆ?

ನಮ್ಮ ಪಾಲಿನ ಹೊಣೆ

ಪ್ರಯೋಗಾಲಯ ನಮ್ಮದಲ್ಲ, ನಮಗೇನು ಎಂದು ಕೈತೊಳೆದುಕೊಳ್ಳುವಂತಿಲ್ಲ. ಅಲ್ಲಿ ದೊರೆತ ಜ್ಞಾನ ಇಂದು ಎಲ್ಲರದು. ಅದಕ್ಕೆ ಒಂದು ಮೂಕ ಜೀವಿ ಬೆಲೆ ತೆತ್ತಿದೆ. ಹಾಗಾದರೆ ಆ ಜ್ಞಾನವನ್ನು ವ್ಯರ್ಥಗೊಳಿಸುವುದೂ ಅಮಾನತ್‌ಗೆ ದ್ರೋಹವೇ.

ನಾವು ಅದನ್ನು ಹೇಗೆ ವ್ಯರ್ಥಗೊಳಿಸುತ್ತೇವೆ? ಮದುವೆ ಮನೆಯಲ್ಲಿ ದಪ್ಪಗಿರುವ ಹುಡುಗಿಯನ್ನು ಕಂಡು ನಗುತ್ತೇವೆ. ಮದ್ರಸದಲ್ಲಿ ದಪ್ಪಗಿನ ಹುಡುಗನಿಗೆ ಅಡ್ಡಹೆಸರಿಡುತ್ತೇವೆ. ತಿಂದು ತಿಂದು ಹೀಗಾಗಿದ್ದಾನೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ. ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ನಿಷೇಧಿಸಿದೆ. ಸಮಾನವಾಗಿ ಉಂಡ ಇಬ್ಬರ ದೇಹ ಸಮಾನವಾಗಿ ಬೆಳೆಯುವುದಿಲ್ಲ ಎಂಬುದಕ್ಕೆ ಈಗ ಇಲಿಗಳೂ ಸಾಕ್ಷಿ ನುಡಿದಿವೆ. ಇಬ್ನು ಮಸ್‌ಊದ್‌ರ(ರ) ಸಪೂರ ಕಾಲುಗಳನ್ನು ಕಂಡು ಸಹಾಬಿಗಳು ನಕ್ಕಾಗ, ಆ ಕಾಲುಗಳು ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ಪ್ರವಾದಿವರ್ಯರು(ಸ) ತಿದ್ದಿದರು. ದೇಹದ ತೂಕ ಬೇರೆ, ಕರ್ಮದ ತೂಕ ಬೇರೆ.

ಇನ್ನೊಂದು ಕಡೆ, ವಂಶವಾಹಿಯ ಹೆಸರು ಹೇಳಿ ಹೊಟ್ಟೆಬಾಕತನಕ್ಕೆ ನೆಪ ಹುಡುಕುವುದೂ ಸಲ್ಲದು. ತಿನ್ನಿರಿ, ಕುಡಿಯಿರಿ, ಮಿತಿಮೀರಬೇಡಿರಿ ಎಂಬ ಆಜ್ಞೆ ಎಲ್ಲರಿಗೂ ಇದೆ. ನಾಲ್ಕು ಬಗೆಯ ಮಾಂಸದಡುಗೆಯಿಲ್ಲದೆ ಔತಣವೇ ಅಲ್ಲ ಎನ್ನುತ್ತಾ, ಅದರಿಂದ ಬಂದ ರೋಗಕ್ಕೆ ಮದ್ದು ಹುಡುಕಲು ಇನ್ನಷ್ಟು ಇಲಿಗಳನ್ನು ರೋಗಿಗಳನ್ನಾಗಿಸಿರಿ ಎಂದು ಬಯಸುವುದು ನ್ಯಾಯವೇ? ತಟ್ಟೆಯ ಮುಂದೆ ನಾವು ತಾಳುವ ಸಂಯಮವೂ ಆ ಪ್ರಾಣಿಗಳ ಮೇಲಿನ ಕರುಣೆಯೇ ಆಗಿದೆ.

ಮದುವೆಯ ವಿಷಯವನ್ನೂ ಮರೆಯಬಾರದು. ಲೆಪ್ಟಿನ್ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗು ರೋಗಿಯಾಗುತ್ತದೆ. ಸೋದರ ಸಂಬಂಧದಲ್ಲಿ ವಿವಾಹ ಶರೀಅತ್ ಸಮ್ಮತ, ಆದರೆ ಕಡ್ಡಾಯವಲ್ಲ. ಕುಟುಂಬದಲ್ಲಿ ಇಂತಹ ರೋಗ ಕಂಡಿದ್ದರೆ ಸಂಬಂಧ ಕುದುರಿಸುವ ಮೊದಲು ವೈದ್ಯರನ್ನು ವಿಚಾರಿಸುವುದು ವಿವೇಕ. ಒಂಟೆಯನ್ನು ಕಟ್ಟಿ, ನಂತರ ತವಕ್ಕುಲ್ ಮಾಡಬೇಕೆಂಬುದು ನಮಗೆ ಕಲಿಸಲಾದ ಪಾಠವಲ್ಲವೇ?

ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ನಿಮ್ಮಂತೆಯೇ ಸಮುದಾಯಗಳು, ಅವೂ ತಮ್ಮ ಪ್ರಭುವಿನ ಕಡೆಗೆ ಒಟ್ಟುಗೂಡಿಸಲ್ಪಡುವುವು ಎಂದು ಅಲ್ ಅನ್‌ಆಮ್ ಅಧ್ಯಾಯ ತಿಳಿಸುತ್ತದೆ. ಆ ದಿನ ಮಾತು ಬಾರದವರಿಗೂ ನ್ಯಾಯವಿದೆ. ಅಗತ್ಯಕ್ಕೆ ಮೀರಿ ಯಾವ ಜೀವಿಯನ್ನೂ ನೋಯಿಸದ ವಿವೇಕವನ್ನೂ, ಪಡೆದ ಜ್ಞಾನವನ್ನು ಕರುಣೆಯಾಗಿ ಬದಲಾಯಿಸುವ ಹೃದಯವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.