ಇಂದಿನ ಧಮ್ಮ ಚಿಂತನೆ: ನಿಲುಗಡೆ ಇಲ್ಲದ ಕಡೆ ನಿಂತ ಬಸ್ಸು

 

ಗಡಿಬಿಡಿಯಲ್ಲಿ ಬೋರ್ಡು ನೋಡದೆ ವೇಗದೂತ ಬಸ್ಸು ಹತ್ತಿ, ಆಮೇಲೆ ಸಣ್ಣ ಹಳ್ಳಿಯ ಗೇಟಿನಲ್ಲಿ ಇಳಿಸಿ ಎಂದು ಕೇಳುವವರನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ನಿಲುಗಡೆ ಇರುವುದಿಲ್ಲ. ಕಂಡಕ್ಟರ್ ನಾಲ್ಕು ಮಾತು ಗೊಣಗುತ್ತಾರೆ, ಆಮೇಲೆ ಸೀಟಿ ಊದುತ್ತಾರೆ. ಡ್ರೈವರ್ ಮಾತಿಲ್ಲದೆ ಬ್ರೇಕ್ ಹಾಕುತ್ತಾರೆ. ಇದು ಸರಿಯೇ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳೆಲ್ಲ ಒಟ್ಟಿಗೆ "ಸರಿ" ಎನ್ನುತ್ತಾರೆ. ನನಗೆ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ.

ವಿನಯ ಪಿಟಕದಲ್ಲಿ ಸ್ನಾನದ ಬಗ್ಗೆ ಒಂದು ನಿಯಮವಿದೆ. ರಾಜಗೃಹದ ಬಿಸಿನೀರಿನ ಬುಗ್ಗೆಯಲ್ಲಿ ಭಿಕ್ಷುಗಳು ಕತ್ತಲಾಗುವವರೆಗೂ ಮೀಯುತ್ತಿದ್ದರು. ಕಾದು ನಿಂತ ಬಿಂಬಿಸಾರ ಮಿಂದು ಬರುವಷ್ಟರಲ್ಲಿ ನಗರದ ಬಾಗಿಲು ಮುಚ್ಚಿತ್ತು, ರಾಜನೇ ಹೊರಗೆ ರಾತ್ರಿ ಕಳೆಯಬೇಕಾಯಿತು. ಆಗ ಬುದ್ಧರು ಹದಿನೈದು ದಿನಕ್ಕೊಂದೇ ಸ್ನಾನ ಎಂದರು. ಸೆಖೆ ಬಂತು, ಭಿಕ್ಷುಗಳು ಬೆವರಿನ ಮೈಯಲ್ಲೇ ಮಲಗಿದರು. ಸೆಖೆಗಾಲಕ್ಕೆ ವಿನಾಯಿತಿ ಸೇರಿತು. ಮುಂದೆ ಕಾಯಿಲೆಗೆ, ದುಡಿಮೆಗೆ, ಪ್ರಯಾಣಕ್ಕೆ, ಗಾಳಿಮಳೆಗೆ. ನಿಯಮ ಉಳಿಯಿತು, ಮನುಷ್ಯರ ಅಳತೆಗೆ ಬಂತು.

ಆದರೆ ಆ ವಿನಾಯಿತಿ ಎಲ್ಲ ಭಿಕ್ಷುಗಳಿಗೂ ಇತ್ತು. ಬಸ್ಸಿನಲ್ಲಿ ಅದು ಒಬ್ಬರ ಆ ಕ್ಷಣದ ಮನಸ್ಸಿಗೆ ಬಿಟ್ಟದ್ದು. ನನ್ನ ಅಳುಕು ಇರುವುದು ಅಲ್ಲಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತಲ್ಲ, ಅದರಲ್ಲಿ ರಾಜ್ಯದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಆಧಾರ್ ಮರೆತು ಬಂದ ಅಜ್ಜಿಗೆ ಕಂಡಕ್ಟರ್, "ಹೋಗ್ಲಿ ಬಿಡಜ್ಜಿ, ನಾಳೆ ಮರೀಬೇಡ" ಎಂದು ಟಿಕೆಟ್ ಹರಿದು ಕೊಡುತ್ತಾರೆ. ನಡುವೆ ಚೆಕಿಂಗ್‌ನವರು ಹತ್ತಿದರೆ ಉತ್ತರ ಹೇಳಬೇಕಾದವರು ಅವರೇ. ಆ ಕರುಣೆಯ ಬೆಲೆಯನ್ನು ಅವರೇ ತೆರುತ್ತಾರೆ, ಅದಕ್ಕೇ ನನಗೆ ಅವರ ಮೇಲೆ ಗೌರವ.

ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕನ್ನಡ ಬಾರದ ಕೂಲಿಯವನೊಬ್ಬ ತಪ್ಪು ಬಸ್ಸು ಹತ್ತಿದ್ದಾನೆ ಎನ್ನಿ. ಅವನ ತಪ್ಪು ಅಜ್ಜಿಯದಕ್ಕಿಂತ ದೊಡ್ಡದಲ್ಲ. ಅವನಿಗೂ ಅದೇ ದನಿ ಸಿಗುತ್ತದೆಯೇ? "ಕಣ್ಣು ಕಾಣಲ್ವಾ" ಎಂದು ಮರವೂ ಇಲ್ಲದ ಜಾಗದಲ್ಲಿ ಇಳಿಸಿದ್ದನ್ನೂ ನಾನು ನೋಡಿದ್ದೇನೆ. ಕನ್ನಡದಲ್ಲಿ ಉಪೇಕ್ಷೆ ಎಂದರೆ ಕಡೆಗಣಿಸುವುದು. ಧಮ್ಮದಲ್ಲಿ ಉಪೇಕ್ಖಾ ಎಂದರೆ ನಮ್ಮವರು ತಮ್ಮವರು ಎನ್ನದ ಸಮಚಿತ್ತ. (ಪದ ಹೀಗೆ ತಿರುಗಿದ್ದು ಕನ್ನಡ ಮೇಷ್ಟರಾದ ನನಗೆ ಸೋಜಿಗ.) ಬ್ರಹ್ಮವಿಹಾರಗಳಲ್ಲಿ ಕರುಣೆಯ ಜೊತೆಗೆ ಅದನ್ನೂ ಇಟ್ಟಿದ್ದಾರೆ. ಅದಿಲ್ಲದ ಕರುಣೆ ನಮ್ಮಂತೆ ಮಾತಾಡುವವರ ಹತ್ತಿರವೇ ನಿಂತುಬಿಡುತ್ತದೆ.

ಹಾಗಾದರೆ ಯಾರಿಗೂ ರಿಯಾಯಿತಿ ಬೇಡ ಎಂದರೆ? ಆಗ ಅಜ್ಜಿಯೂ ಇಳಿಯಬೇಕು. ಅದನ್ನು ನಾನು ಒಪ್ಪಲಾರೆ.

ನಮ್ಮ ದಾರಿಯ ನೈಟ್ ಹಾಲ್ಟ್ ಬಸ್ಸಿನಲ್ಲಿ ಒಮ್ಮೆ ಅಂಥ ಹುಡುಗನೇ ಇದ್ದ. ಡ್ರೈವರ್ ಲೈಟ್ ಮಿನುಗಿಸಿ ಎದುರಿನ ಬಸ್ಸನ್ನು ನಿಲ್ಲಿಸಿದರು. ಕಂಡಕ್ಟರ್ ಕಿಟಕಿಯಿಂದಲೇ, "ಇವನ್ನ ಸರ್ಕಲ್‌ನಲ್ಲಿ ಇಳಿಸ್ರೀ, ಭಾಷೆ ಬರಲ್ಲ" ಎಂದು ಕೂಗಿದರು. ಹುಡುಗ ರಸ್ತೆ ದಾಟಿ ಆ ಬಸ್ಸು ಹತ್ತುವವರೆಗೂ ನಮ್ಮ ಬಸ್ಸು ಮುಂದೆ ಹೋಗಲಿಲ್ಲ.