ರಾತ್ರಿಭೋಜನತ್ಯಾಗಿಯ ಮನೆಯಲ್ಲಿ ಒಂದು ನಾಯಿಮರಿ



ಕಳೆದ ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಉತ್ತಮತ್ಯಾಗ ಧರ್ಮವನ್ನು ಚಿಂತಿಸುವ ಎಂಟನೆಯ ದಿನ, ಬೆಂಗಳೂರಿನ ತ್ಯಾಗರಾಜನಗರದ ಒಂದು ಶ್ರಾವಕರ ಮನೆಗೆ ಹೋಗುವ ಪ್ರಸಂಗವೊದಗಿತು. ನೆಟ್ಟಕಲ್ಲಪ್ಪ ವೃತ್ತದಿಂದ ಹೆಚ್ಚು ದೂರವಿಲ್ಲದ ಹಳೆಯ ಮನೆ. ಮುಂದುಗಡೆ ಮಳೆನೀರಿನ ಚರಂಡಿ, ಅದರ ಮೇಲೆ ಕಲ್ಲುಚಪ್ಪಡಿ. ಆ ಚಪ್ಪಡಿಯ ಕೆಳಗೆ ಬೀದಿನಾಯಿಯೊಂದು ಮರಿ ಹಾಕಿತ್ತು. ತಾಯಿ ವಾಹನಕ್ಕೆ ಸಿಕ್ಕಿ ಸತ್ತಿತು. ಮಳೆಯಲ್ಲಿ ಉಳಿದದ್ದು ಒಂದೇ ಮರಿ, ಎಲ್ಲಕ್ಕಿಂತ ಚಿಕ್ಕದು. ಮನೆಯ ಮೊಮ್ಮಗ ಅದನ್ನು ಎತ್ತಿಕೊಂಡು ಬಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿದ್ದನು. ಕಣ್ಣು ಇನ್ನೂ ತೆರೆದಿರಲಿಲ್ಲ. ಬತ್ತಿಯಿಂದ ಹಾಲು ಬಿಟ್ಟರೆ ಹಾಲು ಮೂಗಿನಿಂದ ಹೊರಬರುತ್ತಿತ್ತು. ಪಶುವೈದ್ಯರು ಬಾಯಿ ತೆರೆದು ನೋಡಿ, ಅಂಗುಳು ಹುಟ್ಟಿನಿಂದಲೇ ಸೀಳಿದೆ ಎಂದರು. ಇದಕ್ಕೆ ಮೊಲೆಯನ್ನು ಚೀಪುವ ಶಕ್ತಿಯಿಲ್ಲ; ಸಣ್ಣ ನಳಿಕೆಯಿಂದ ನೇರವಾಗಿ ಹೊಟ್ಟೆಗೆ ಹಾಲು ಬಿಡಬೇಕು, ಎರಡು ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ; ಮೂರು ನಾಲ್ಕು ತಿಂಗಳು ಬದುಕಿದರೆ ಶಸ್ತ್ರಚಿಕಿತ್ಸೆ ಮಾಡಬಹುದು; ಅಷ್ಟು ಕಷ್ಟ ನಿಮಗಾಗದಿದ್ದರೆ ಒಂದು ಚುಚ್ಚುಮದ್ದಿನಿಂದ ನೋವಿಲ್ಲದೆ ಮುಗಿಸಬಹುದು ಎಂದೂ ಹೇಳಿ ಕಳುಹಿಸಿದ್ದರು.

ನಾನು ಹೋದಾಗ ಮನೆಯಲ್ಲಿ ಇದೇ ವಿಚಾರ. ಮಗನ ಅಭಿಪ್ರಾಯ, ತಂದ ಜಾಗದಲ್ಲಿಯೇ ಬಿಟ್ಟುಬಿಡೋಣ, ಅದರ ಕರ್ಮ ಅದಕ್ಕೆ. ಸೊಸೆಯ ಪ್ರಶ್ನೆ, ರಾತ್ರಿಯೆಲ್ಲ ಏಳುವವರು ಯಾರು? ಮೊಮ್ಮಗ ಮಾತನಾಡಲಿಲ್ಲ, ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದನು. ಮನೆಯ ಹಿರಿಯ ತಾಯಿ ಮಾತ್ರ ನನ್ನನ್ನು ಬದಿಗೆ ಕರೆದು ಕೇಳಿದರು: “ಪಂಡಿತರೇ, ನಾನು ಮುನಿಮಹಾರಾಜರ ಸನ್ನಿಧಿಯಲ್ಲಿ ರಾತ್ರಿಭೋಜನತ್ಯಾಗ ತೆಗೆದುಕೊಂಡು ಮೂವತ್ತು ವರ್ಷಗಳಾದವು. ಉಣ್ಣುವುದಿಲ್ಲ, ಉಣಿಸುವುದೂ ಇಲ್ಲ ಎಂದು ಕೈಮುಗಿದು ಹೇಳಿದ್ದೇನೆ. ಈಗ ಈ ಪ್ರಾಣಿಗೆ ನಡುರಾತ್ರಿ ಹಾಲು ಬಿಟ್ಟರೆ ನನ್ನ ವ್ರತ ಏನಾಗುತ್ತದೆ? ಬಿಡದಿದ್ದರೆ ಏನಾಗುತ್ತದೆ?”

ಈ ಪ್ರಶ್ನೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ನಾಯಿಮರಿಯ ಮೇಲಿನ ಮೋಹದಿಂದ ವ್ರತವನ್ನು ಸಡಿಲಿಸಿಕೊಳ್ಳಲು ನೆಪ ಹುಡುಕುವವರ ಪ್ರಶ್ನೆ ಇದಲ್ಲ. ಎರಡು ಕಡೆಯಲ್ಲಿಯೂ ಧರ್ಮವೇ ನಿಂತಿರುವಾಗ ಯಾವ ಕಡೆಗೆ ಹೆಜ್ಜೆಯಿಡಬೇಕೆಂಬ ಪ್ರಶ್ನೆ.

ಮೊದಲು ಸಾಕಬಾರದೆಂಬ ಪಕ್ಷವನ್ನು ಅದರ ಪೂರ್ಣ ಬಲದಿಂದಲೇ ನೋಡೋಣ. ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅನರ್ಥದಂಡದಲ್ಲಿ ಎಣಿಸಿದೆ. ಆಯುಧ ಮಾರುವುದರ ಪಂಕ್ತಿಯಲ್ಲಿಯೇ ಅದು ಬರುತ್ತದೆ. ನಮ್ಮ ಹಿರಿಯರು ಮನೆಯೊಳಗೆ ನಾಯಿಯನ್ನು ಸೇರಿಸದಿದ್ದುದಕ್ಕೆ ಶೌಚವೊಂದೇ ಕಾರಣವಲ್ಲ. ಇನ್ನೊಂದು ಜೀವವನ್ನು ಕೊಂದು ಬದುಕುವ ಪ್ರಾಣಿಯನ್ನು ನಾವು ಪೋಷಿಸಿದರೆ ಆ ಕೊಲೆಯಲ್ಲಿ ನಮಗೂ ಪಾಲು ಬರುತ್ತದೆಂಬ ಎಚ್ಚರ. ಮೇಲಾಗಿ ಪ್ರಾಣಿಯೂ ಪರಿಗ್ರಹವೇ. ಪರಿಮಾಣವ್ರತ ತೆಗೆದುಕೊಂಡವರು ಹಸುವನ್ನು ಎಣಿಸುವಂತೆ ನಾಯಿಯನ್ನೂ ಎಣಿಸಬೇಕಾಗುತ್ತದೆ. ಅಂದವಾಗಿರಲಿ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಲಿ ಎಂದು ತಲೆಮಾರುಗಟ್ಟಲೆ ಕುಗ್ಗಿಸಿ ಬೆಳೆಸಿದ ಜಾತಿಯ ಮರಿಗಳನ್ನು ಸಾವಿರಾರು ರೂಪಾಯಿ ತೆತ್ತು ತರುವ ಪದ್ಧತಿ ಈಗ ನಮ್ಮ ಮನೆಗಳಿಗೂ ಬಂದಿದೆ. ಅಂಥ ಮರಿಗಳಲ್ಲಿ ನೆತ್ತಿ ಕೂಡದಿರುವುದು, ಮಂಡಿಚಿಪ್ಪು ಜಾರುವುದು, ಒಂದೆರಡು ಹೊತ್ತು ಹಾಲು ತಪ್ಪಿದರೆ ರಕ್ತದ ಸಕ್ಕರೆ ಇಳಿದು ಮೂರ್ಛೆ ಹೋಗುವುದು ಹೆಚ್ಚಾಗಿ ಕಂಡುಬರುತ್ತದೆ. ಮನುಷ್ಯನ ಕುತೂಹಲಕ್ಕಾಗಿ ಒಂದು ಪಂಚೇಂದ್ರಿಯ ಜೀವವನ್ನು ರೋಗದ ಸಮೇತ ಹುಟ್ಟಿಸುವ ಈ ವ್ಯಾಪಾರಕ್ಕೆ ಹಣ ಕೊಡುವುದು ಶುದ್ಧ ಅನರ್ಥದಂಡವೆಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಚರಂಡಿಯ ಚಪ್ಪಡಿಯ ಕೆಳಗಿದ್ದ ಮರಿಯನ್ನು ಯಾರೂ ಬಯಸಿ ಕೊಂಡುತಂದದ್ದಲ್ಲ. ಅದು ತಾನಾಗಿ ಎದುರಿಗೆ ಬಂದ ಜೀವ. ಬಂದ ಮೇಲೆ ಇಲ್ಲಿ ಅನ್ವಯಿಸುವುದು ಅನರ್ಥದಂಡದ ಪ್ರಕರಣವಲ್ಲ, ಅಹಿಂಸಾಣುವ್ರತದ ಅತಿಚಾರಗಳ ಪ್ರಕರಣ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದನ್ನು ತತ್ತ್ವಾರ್ಥಸೂತ್ರವನ್ನು ಓದಿದ ಮಕ್ಕಳೂ ಬಲ್ಲರು. ಕಡೆಯದನ್ನು ಮಾತ್ರ ನಾವು ಎತ್ತುಹಸುಗಳಿಗೆ ಸಂಬಂಧಿಸಿದ ಹಳೆಯ ಮಾತೆಂದು ಬದಿಗಿರಿಸಿದ್ದೇವೆ. ನಮ್ಮ ಆಶ್ರಯದೊಳಗೆ ಬಂದ ಪ್ರಾಣಿಗೆ ಹೊತ್ತಿಗೆ ಅನ್ನನೀರು ದೊರೆಯದಂತೆ ಮಾಡುವುದು ಅತಿಚಾರ. ಪೆಟ್ಟಿಗೆಯಲ್ಲಿ ಸೀರೆ ಹಾಸಿ ಮಲಗಿಸಿದ ಗಳಿಗೆಯಿಂದಲೇ ಆ ಮರಿ ಆ ಮನೆಯ ಆಶ್ರಯಕ್ಕೆ ಬಂದಿತು. ಮತ್ತೆ ಚರಂಡಿಗೆ ಬಿಟ್ಟರೆ ಅದರ ಕರ್ಮ ಅದಕ್ಕೆ ನಿಜ, ಬಿಟ್ಟ ಕೈಯ ಕರ್ಮ ಕೈಯವನಿಗೆ.

ಮಾಂಸಾಹಾರದ ಶಂಕೆಗೆ ಬರೋಣ. ಬೆಕ್ಕಿನ ದೇಹಕ್ಕೆ ಮಾಂಸದಿಂದಲೇ ಬರುವ ಕೆಲವು ಸತ್ತ್ವಗಳು ಬೇಕೇಬೇಕು. ನಾಯಿಯ ವಿಷಯ ಹಾಗಲ್ಲ. ವೈದ್ಯರ ಸಲಹೆಯಂತೆ ಸಮತೂಕವಾಗಿ ಕೊಟ್ಟರೆ ಅದು ಸಸ್ಯಾಹಾರದಲ್ಲಿ ಬದುಕಬಲ್ಲದು. ನಮ್ಮ ಹಳ್ಳಿಗಳಲ್ಲಿ ಮುದ್ದೆ, ಮಜ್ಜಿಗೆ ಅನ್ನ ತಿಂದು ಕಾವಲು ಕಾಯ್ದ ನಾಯಿಗಳನ್ನು ಕಂಡವರು ಇನ್ನೂ ಇದ್ದಾರೆ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುತ್ತವೆ, ಆದುದರಿಂದ ಈ ಒಂದು ವಿಷಯದಲ್ಲಿ ನಮ್ಮ ಅಡಿಗೆಮನೆಗಳು ನಾಯಿಗೆ ಹೇಳಿ ಮಾಡಿಸಿದಂತಿವೆ! ಆದರೆ ಪೂಜೆಯ ತಟ್ಟೆಯ ಒಣದ್ರಾಕ್ಷಿಯನ್ನು ಪ್ರೀತಿಯಿಂದಲೂ ಕೊಡಬಾರದು. ಅದರಿಂದ ಮೂತ್ರಪಿಂಡಗಳಿಗೆ ಅಪಾಯವಿದೆ. ದೆಹಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯನ್ನು ನಮ್ಮಲ್ಲಿ ಅನೇಕರು ಯಾತ್ರೆಯಲ್ಲಿ ನೋಡಿದ್ದೀರಿ. ಕಾಳು ತಿನ್ನುವ ಹಕ್ಕಿಗಳನ್ನು ಒಳಗಿಟ್ಟು ಶುಶ್ರೂಷೆ ಮಾಡುತ್ತಾರೆ. ಮಾಂಸ ತಿನ್ನುವ ಹಕ್ಕಿ ಬಂದರೆ ಔಷಧಿ ಕಟ್ಟಿ ಹೊರಗಿನಿಂದಲೇ ಕಳುಹಿಸುತ್ತಾರೆ. ಒಳಗೆ ಇಟ್ಟುಕೊಳ್ಳುವುದಕ್ಕೆ ನಿಯಮ ಉಂಟು, ಚಿಕಿತ್ಸೆಗೆ ನಿಯಮವಿಲ್ಲ ಎಂಬ ಈ ವಿವೇಕ ನನಗೆ ಬಹಳ ಹಿಡಿಸಿತು.

ಜೀವಂಧರ ಕುಮಾರನ ಕಥೆಯನ್ನು ಇಲ್ಲಿ ನೆನೆಯದಿರುವುದು ಹೇಗೆ? ವಾದೀಭಸಿಂಹಸೂರಿಗಳ ಕ್ಷತ್ರಚೂಡಾಮಣಿಯಲ್ಲಿಯೂ, ನಮ್ಮ ಭಾಸ್ಕರ ಕವಿ 1424ರಲ್ಲಿ ರಚಿಸಿದ ಜೀವಂಧರಚರಿತೆಯಲ್ಲಿಯೂ ಬರುವ ಪ್ರಸಂಗ. ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯನ್ನು ಜೀವಂಧರನು ಕಂಡನು. ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಪದೇಶಿಸಿದನು. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಜನಿಸಿ, ಮುಂದೆ ಕಾಷ್ಠಾಂಗಾರನು ಜೀವಂಧರನನ್ನು ಕೊಲ್ಲಿಸಹೊರಟಾಗ ಬಂದು ಕಾಪಾಡಿತು. ಈ ಕಥೆಯನ್ನು ಮಂತ್ರದ ಮಹಿಮೆಗಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ನಾವು ಮರೆಯುವ ಒಂದು ಮಾತುಂಟು. ಜೀವಂಧರನು ಮೊದಲು ಆ ಪ್ರಾಣಿಯನ್ನು ಬದುಕಿಸಲು ಯತ್ನಿಸಿದನು. ಅದು ಅಸಾಧ್ಯವೆಂದು ಕಂಡ ಮೇಲೆ ಕಿವಿಗೆ ಬಾಗಿದನು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಮಾಡಲು ನಾವು ಅವಸರಪಡುತ್ತೇವೆ. ಜನ್ನ ಕವಿಯ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಮಗನು ನವಿಲಾಗಿಯೂ ತಾಯಿ ನಾಯಿಯಾಗಿಯೂ ಹುಟ್ಟುತ್ತಾರಲ್ಲವೇ? ನಮ್ಮ ಬಾಗಿಲಿಗೆ ಬಂದ ನಾಯಿ ಯಾವ ಭವದಲ್ಲಿ ಯಾರಾಗಿತ್ತೋ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚನಿಗೆ ಸಮ್ಯಗ್ದರ್ಶನವೂ ದೇಶವ್ರತವೂ, ಎಂದರೆ ಐದನೆಯ ಗುಣಸ್ಥಾನದವರೆಗೂ ದಾರಿಯಿದೆಯೆಂದು ಆಗಮವೇ ಹೇಳುತ್ತದೆ.

ಚುಚ್ಚುಮದ್ದಿನ ಮಾತು. ಸೊಸೆಯು, “ಅದಕ್ಕೆ ನರಳುವುದು ತಪ್ಪಿದರೆ ಅದೂ ದಯೆಯಲ್ಲವೇ? ನಮ್ಮಲ್ಲಿ ಸಲ್ಲೇಖನ ಇಲ್ಲವೇ?” ಎಂದು ಕೇಳಿದರು. ಓದಿದ ಹೆಣ್ಣುಮಗಳು, ಕುಹಕದಿಂದ ಕೇಳಿದ್ದಲ್ಲ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಬಂದಾಗ ಧರ್ಮರಕ್ಷಣೆಗಾಗಿ ಶರೀರವನ್ನು ತಾನಾಗಿ, ತಿಳಿದು, ಕ್ರಮಕ್ರಮವಾಗಿ ಬಿಡುವುದು ಸಲ್ಲೇಖನ. ತಾನಾಗಿ ಎಂಬ ಮಾತನ್ನು ತೆಗೆದರೆ ಉಳಿಯುವುದು ವಧೆ. ವ್ರತವನ್ನು ಒಬ್ಬರ ಪರವಾಗಿ ಇನ್ನೊಬ್ಬರು ತೆಗೆದುಕೊಳ್ಳಲು ಬರುವುದಿಲ್ಲ. ನಾವು ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದೇವೆಂದು ಕೊಟ್ಟಿಗೆಯ ಹಸುವನ್ನು ಉಪವಾಸ ಕೆಡವಲು ಬಾರದಂತೆಯೇ ಇದು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮರಿ ಸಾಯುವುದೇ ನಿಶ್ಚಯವಾಗಿ, ಹಾಲು ಒಳಗೆ ನಿಲ್ಲದಂತಾದರೆ, ನಮ್ಮ ಸಮಾಧಾನಕ್ಕಾಗಿ ಅದರ ಗಂಟಲಿಗೆ ಸುರಿಯುತ್ತ ಪೀಡಿಸಬಾರದು. ನೋವು ತಗ್ಗಿಸುವ ಔಷಧಿ ಕೊಡಿಸಿ, ಬೆಚ್ಚಗೆ ಮಲಗಿಸಿ, ಕಿವಿಯಲ್ಲಿ ಣಮೋಕಾರ ಹೇಳಿ ಬಳಿಯಲ್ಲಿರುವುದು. ಅಷ್ಟೇ.

ಇನ್ನು ತಾಯಿಯವರ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡದಲ್ಲಿ ಶ್ರಾವಕನ ಆರನೆಯ ಪ್ರತಿಮೆಯಾದ ರಾತ್ರಿಭುಕ್ತಿವಿರತಿಯನ್ನು ಹೇಳುವಾಗ, ರಾತ್ರಿ ನಾಲ್ಕು ಬಗೆಯ ಆಹಾರವನ್ನು ಬಿಡುವವನ ಮನಸ್ಸು ಜೀವಿಗಳಲ್ಲಿ ಅನುಕಂಪೆಯಿಂದ ಕೂಡಿರುತ್ತದೆಂಬುದನ್ನು ಆ ಲಕ್ಷಣದೊಳಗೇ ಸೇರಿಸಿದ್ದಾರೆ. (ಬೇರೆ ಕೆಲವು ಆಚಾರ್ಯರು ಈ ಪ್ರತಿಮೆಗೆ ಬೇರೆ ಅರ್ಥ ಹೇಳಿರುವುದುಂಟು, ಅದು ಇಲ್ಲಿ ಪ್ರಕೃತವಲ್ಲ.) ಅನುಕಂಪೆಯಿಂದ ಹುಟ್ಟಿದ ವ್ರತವನ್ನೇ ಕೈಯಲ್ಲಿ ಹಿಡಿದು ಒಂದು ಹಸುಳೆಯ ಬಾಯನ್ನು ಮುಚ್ಚಿದರೆ ವ್ರತದ ಶರೀರ ಉಳಿದು ಪ್ರಾಣ ಹೋದಂತೆ. ಮೊಲೆಗೂಸಿರುವ ತಾಯಿ ರಾತ್ರಿಭೋಜನ ಬಿಟ್ಟಿದ್ದರೂ ಮಗು ಅತ್ತಾಗ ಹಾಲೂಡುವುದಿಲ್ಲವೇ? ಅದನ್ನು ಕಾರಿತದೋಷವೆಂದು ಯಾವ ಪಂಡಿತನೂ ಹೇಳಿದ್ದನ್ನು ನಾನು ಕೇಳಿಲ್ಲ. ನಾಯಿಮರಿ ಮಗುವಲ್ಲ, ಒಪ್ಪಿದೆ. ಆದರೆ ಕಣ್ಣುಬಿಡದ ಹಸುಳೆಯೆಂಬ ಸ್ಥಿತಿಯಲ್ಲಿ ಎರಡಕ್ಕೂ ಭೇದವಿಲ್ಲ.

ಆದಾಗ್ಯೂ ಕೈಮುಗಿದು ಆಡಿದ ಮಾತಿಗೆ ತೂಕವುಂಟು. ಆದುದರಿಂದ ನಾನು ಹೇಳಿದ್ದು ಹೀಗೆ: “ತಾಯೀ, ಅಂಥ ಪ್ರತಿಜ್ಞೆಯಿಲ್ಲದ ಮೊಮ್ಮಗನೂ ಸೊಸೆಯೂ ಮನೆಯಲ್ಲಿದ್ದಾರೆ. ರಾತ್ರಿಯ ಪಾಳಿಯನ್ನು ಅವರಿಗೆ ಬಿಡಿ, ಹಗಲಿನದು ತಮ್ಮದಾಗಲಿ. ಯಾರೂ ಇಲ್ಲದ ರಾತ್ರಿ ಬಂದರೆ ತಾವೇ ಏಳಿ, ವ್ರತವನ್ನು ಅಡ್ಡ ತರಬೇಡಿ. ಬೆಳಿಗ್ಗೆ ಒಂಬತ್ತು ಣಮೋಕಾರದ ಕಾಯೋತ್ಸರ್ಗ ಮಾಡಿ, ಮುಂದೆ ಮುನಿಗಳ ದರ್ಶನವಾದಾಗ ಆಲೋಚನೆ ಮಾಡಿಕೊಳ್ಳಿ. ಅವರು ಏನು ಹೇಳುತ್ತಾರೋ ಅದೇ ಪ್ರಮಾಣ, ನನ್ನ ಮಾತಲ್ಲ.”

ಹಾಲಿನ ವಿಚಾರವನ್ನೂ ಅಲ್ಲಿಯೇ ಕುಳಿತು ಗೊತ್ತುಮಾಡಿದೆವು. ಹಸುವಿನ ಹಾಲು ನಾಯಿಯ ಹಾಲಿಗಿಂತ ತೆಳು. ಅದರಲ್ಲಿ ಸಾರವೂ ಕೊಬ್ಬೂ ಕಡಿಮೆ, ಮರಿಗೆ ಭೇದಿಯಾಗುತ್ತದೆ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು, ಡಬ್ಬಿಯ ಮೇಲಿನ ಬರಹವನ್ನು ಓದಿ ಮೊಟ್ಟೆ ಮಾಂಸಗಳಿಲ್ಲವೆಂದು ತಿಳಿದು, ಕಾಯಿಸಿ ಆರಿಸಿದ ನೀರಿನಲ್ಲಿ ಕಲಸುವುದು. ನಳಿಕೆಯನ್ನು ಮೂಗಿನ ತುದಿಯಿಂದ ಕಡೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕುವುದನ್ನು ವೈದ್ಯರಿಂದಲೇ ಕಲಿಯಬೇಕು. ತಪ್ಪಿ ಶ್ವಾಸಕೋಶಕ್ಕೆ ಹೋದರೆ ಆ ಹಾಲೇ ಅದನ್ನು ಕೊಲ್ಲುತ್ತದೆ. ಹುಟ್ಟಿದ ಕೆಲವು ವಾರ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳಲು ಬಾರದು. ಮೈ ತಣ್ಣಗಿರುವಾಗ ಹಾಲು ಬಿಡಬಾರದು, ಮೊದಲು ಬೆಚ್ಚಗೆ ಮಾಡಬೇಕು. ಹಾಲಾದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರಸಿದರೆ ಮಾತ್ರ ಮೂತ್ರ ವಿಸರ್ಜಿಸುತ್ತದೆ, ತಾಯಿಯ ನಾಲಿಗೆಯ ಕೆಲಸ ಅದು. ಮನೆಗೆ ಮುನಿಗಳು ಆಹಾರಕ್ಕೆ ಬರುವ ದಿನ ಪೆಟ್ಟಿಗೆ ಹಿತ್ತಲಿನಲ್ಲಿರಬೇಕು. ಪಂಚೇಂದ್ರಿಯ ಪ್ರಾಣಿ ಕಾಲುಗಳ ನಡುವೆ ಹಾದರೆ ಅಂತರಾಯವಾಗುತ್ತದೆ.

ಜಂತುಹುಳದ ಔಷಧಿಯ ಬಗ್ಗೆ ಮೊಮ್ಮಗನು ಕೇಳಿದನು: ಹೊಟ್ಟೆಯ ಹುಳಗಳೂ ದ್ವೀಂದ್ರಿಯ ಜೀವಗಳಲ್ಲವೇ? ಹೌದು. ಅದು ಹಿಂಸೆಯಲ್ಲವೆಂದು ನಾನು ಹೇಳಲಾರೆ. ಗೃಹಸ್ಥನು ತನ್ನ ಮಕ್ಕಳಿಗೆ ಅದೇ ಔಷಧಿಯನ್ನು ಕೊಡುತ್ತಾನೆ, ಆರಂಭೀ ಹಿಂಸೆಯೆಂದು ತಿಳಿದು ಕೊಡುತ್ತಾನೆ. ತಿಳಿದು ಕೊಡುವುದಕ್ಕೂ ತಿಳಿಯದೆ ಕೊಡುವುದಕ್ಕೂ ಅಂತರವಿದೆ. ಇದರಾಚೆಗೆ ನನ್ನಲ್ಲಿ ಉತ್ತರವಿಲ್ಲ.

ಶಕ್ತಿಯಿಲ್ಲದ ಮನೆಯವರೂ ಇದನ್ನು ಓದುತ್ತಿರಬಹುದು. ದಾನವನ್ನು ಶಕ್ತಿಗನುಸಾರವಾಗಿ ಹೇಳಿದೆ. ರಾತ್ರಿ ಏಳಲಾರದ ರೋಗಿಗಳು, ಔಷಧಿಗೆ ಹಣವಿಲ್ಲದವರು ಮರಿಯನ್ನು ನೋಡಿಕೊಳ್ಳಬಲ್ಲ ಕೈಗೆ ಒಪ್ಪಿಸಿದರೆ ಅದೂ ಅಭಯದಾನವೇ. ಒಪ್ಪಿಸುವುದು ಬೇರೆ, ಕತ್ತಲಲ್ಲಿ ಚೀಲದಲ್ಲಿ ತಂದು ಬಸದಿಯ ಬಾಗಿಲಲ್ಲಿ ಇಟ್ಟುಹೋಗುವುದು ಬೇರೆ. ಜೈನರು ಹೇಗೂ ನೋಡಿಕೊಳ್ಳುತ್ತಾರೆಂದು ಇತರರು ಹಾಗೆ ಮಾಡಿದರೆ ನಗಬಹುದು. ನಮ್ಮವರೇ ಮಾಡಿದ್ದನ್ನು ನಾನು ಕಂಡಿದ್ದೇನೆ. ಅಂದು ಉತ್ತಮತ್ಯಾಗದ ದಿನವಾಗಿತ್ತೆಂದೆನಲ್ಲ. ಆ ಮನೆಯ ಯಜಮಾನರು ತ್ಯಾಗವೆಂದರೆ ಬಿಡುವುದು ಎಂದು ತಿಳಿದು ಮರಿಯನ್ನು ಬಿಡಹೊರಟಿದ್ದರು. ದಶಧರ್ಮದ ತ್ಯಾಗಕ್ಕೆ ದಾನವೆಂದೂ ಅರ್ಥ ಹೇಳುತ್ತಾರೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಟ್ಟರು.

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮೇಲೆ, ಮಾರ್ಗಶಿರದ ಅಷ್ಟಮಿಯ ದಿನ ಮತ್ತೆ ಆ ಕಡೆಗೆ ಹೋಗಿದ್ದೆನು. ನಡುವೆ ಒಮ್ಮೆ ಎದೆಯಲ್ಲಿ ಕಫ ಕಟ್ಟಿ ಉಳಿಯುವುದಿಲ್ಲವೆನಿಸಿತ್ತಂತೆ. ಸೊಸೆಯೇ ಎರಡು ರಾತ್ರಿ ನಿದ್ದೆಗೆಟ್ಟು ಕುಳಿತಿದ್ದರಂತೆ. ಈಗ ನಳಿಕೆ ಬೇಕಿಲ್ಲ, ರಾತ್ರಿಯ ಪಾಳಿಯೂ ನಿಂತಿದೆ. ಹುಚ್ಚುನಾಯಿ ರೋಗದ ಲಸಿಕೆಯಾಗಿದೆ, ಅಂಗುಳಿನ ಶಸ್ತ್ರಚಿಕಿತ್ಸೆಗೆ ಹದಿನೈದು ದಿನಗಳಿವೆ. ಅದೇ ವಯಸ್ಸಿನ ಬೇರೆ ಮರಿಗಳಿಗಿಂತ ಇನ್ನೂ ಚಿಕ್ಕದು.

ತಾಯಿಯವರು ಪ್ರೋಷಧೋಪವಾಸದಲ್ಲಿದ್ದು ಜಗಲಿಯಲ್ಲಿ ಜಪಮಣಿ ಹಿಡಿದು ಕುಳಿತಿದ್ದರು. ನನ್ನನ್ನು ಕಂಡೊಡನೆ, “ಪಂಡಿತರೇ, ಇವತ್ತು ನಾನು ಆರಂಭವನ್ನೆಲ್ಲ ಬಿಟ್ಟಿದ್ದೇನೆ. ಅದಕ್ಕೆ ಮೊಸರನ್ನ ಕಲಸಬಹುದೋ?” ಎಂದು ಕೇಳಿದರು. ಕಲಸುವವರು ಬೇರೆ ಯಾರಾದರೂ ಇದ್ದಾರೆಯೇ ಎಂದೆನು. ಮೊಮ್ಮಗನು ಆಗಲೇ ಬಟ್ಟಲು ಹಿಡಿದು ಬಂದಿದ್ದನು. ಅವರು ಜಪಮಣಿಯನ್ನು ಮಡಿಲಲ್ಲಿಟ್ಟು, “ಉಪ್ಪು ಬೇಡ ಕಣೋ, ಉಂಡೆ ಗಟ್ಟಿಯಾಗಿರಲಿ, ಇಲ್ಲದಿದ್ದರೆ ಮೂಗಿಗೆ ಏರುತ್ತದೆ” ಎಂದರು.