ಮಾತಿಗೆ ಮುಂಚಿನ ಅರಿವು

ಮಾತು ಬಾರದ ಮಗುವಿಗೆ ಅರಿವಿದೆಯೇ ಎಂಬ ಪ್ರಶ್ನೆಗೆ ವೈಯಾಕರಣ ಭರ್ತೃಹರಿಯ ‘ವಾಕ್ಯಪದೀಯ’ದಲ್ಲಿ ಒಂದು ದಿಟ್ಟ ಉತ್ತರವಿದೆ. ಉಸಿರನ್ನು ಮೇಲಕ್ಕೆ ತಳ್ಳಿ ನಾಲಿಗೆಯನ್ನು ತಕ್ಕ ಸ್ಥಾನಕ್ಕೆ ತಾಗಿಸುವ ಮೊದಲ ಯತ್ನವು ಶಬ್ದಭಾವನೆಯಿಂದ, ಅಂದರೆ ಹಿಂದಿನ ಜನ್ಮಗಳಿಂದ ಉಳಿದುಬಂದ ಮಾತಿನ ಸಂಸ್ಕಾರದಿಂದ, ಹುಟ್ಟುವುದೆಂದೂ, ಆದಕಾರಣ ಶಿಶುವಿನ ಅರಿವಿನಲ್ಲಿಯೂ ಶಬ್ದ ಬೆರೆತಿರುವುದೆಂದೂ ಅವನು ವಾದಿಸುತ್ತಾನೆ. ಬೌದ್ಧ ತಾರ್ಕಿಕ ದಿಙ್ನಾಗನಾದರೋ ಪ್ರತ್ಯಕ್ಷವನ್ನು ಕಲ್ಪನೆಯಿಂದ, ಎಂದರೆ ಹೆಸರು ಜಾತಿಗಳ ಜೋಡಣೆಯಿಂದ, ಮುಕ್ತವೆಂದು ಬಗೆದನು.

ಇಂದಿನ ವಾಕ್ ಚಿಕಿತ್ಸೆ ಈ ವಿವಾದವನ್ನು ತೀರಿಸದಿದ್ದರೂ ಹರಿತಗೊಳಿಸುತ್ತದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳು ಬೆಳೆಸಿದ ಈ ಶಾಸ್ತ್ರದಲ್ಲಿ, ಮಗು ಗ್ರಹಿಸುವ ಭಾಷೆಯನ್ನೂ ಆಡುವ ಭಾಷೆಯನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ; ನೋಟ ಹಂಚಿಕೊಳ್ಳುವುದು, ಬೆರಳು ತೋರುವುದು, ಸರದಿ ಕಾಯುವುದು ಮುಂತಾದ ನಡೆಗಳನ್ನು ಪದಗಳಿಗೆ ಮೊದಲೇ ಬೆಳೆಸುತ್ತಾರೆ. ಇವು ಶಬ್ದರಹಿತ ಅರಿವೋ, ಉಚ್ಚಾರಣೆಗಿನ್ನೂ ಇಳಿಯದ ಮಾತೋ ಎಂಬಲ್ಲಿ ಭರ್ತೃಹರಿಯ ಪಕ್ಷವೇ ಹೆಚ್ಚು ಫಲವತ್ತಾಗಿ ತೋರುತ್ತದೆ, ಪುನರ್ಜನ್ಮವನ್ನು ಒಪ್ಪದವರಿಗೂ ಸಹ. ಮಗುವಿನ ಮೌನವನ್ನು ಪೂರ್ವಜನ್ಮದ ಪಾಪವೆಂದು ತಾಯಿಯ ಮೇಲೆ ಹೊರಿಸುವವರು (ಅಂಥವರಿಗೇನೂ ಕೊರತೆಯಿಲ್ಲ) ಗಮನಿಸಬೇಕಾದುದೆಂದರೆ, ಭರ್ತೃಹರಿ ಹೇಳುವ ಸಂಸ್ಕಾರವು ದಂಡನೆಯಲ್ಲ, ಪ್ರತಿಯೊಂದು ಶಿಶುವಿಗೂ ಒದಗಿಬಂದ ಬಂಡವಾಳ.